ನೆನೆಹಾಕಿದ ಕೊಡಲಿ

ನಮ್ಮ ಬೆಟ್ಟದ ಸೀಮೆಯಲ್ಲಿ ಕೊಡಲಿಗೆ ಕಾವು, ಅಂದರೆ ಮರದ ಹಿಡಿ, ಕೂರಿಸುವುದು ಗಂಡಸರ ಕೆಲಸ, ಅದನ್ನು ನೆನೆಹಾಕುವುದು ಹೆಂಗಸರ ಕೆಲಸ. ಜವೆಗೋಧಿಯ ಕೊಯ್ಲು ಮುಗಿದು ಬಿಸಿಲು ಏರಿದ ಮೇಲೆ ಮರದ ಸಾಮಾನೆಲ್ಲ ಒಣಗಿ ಸೊರಗುತ್ತದೆ. ಕಬ್ಬಿಣ ಸೊರಗುವುದಿಲ್ಲ. ಅದಕ್ಕೇ ಕಾಡಿಗೆ ಹೋಗುವ ಹಿಂದಿನ ಸಂಜೆ ಕೊಡಲಿಯನ್ನು ತಲೆಕೆಳಗಾಗಿ ನೀರಿನ ಬಾನಿಯಲ್ಲಿ ಇಳಿಬಿಡಬೇಕು. ಬೆಳಗಾಗುವಷ್ಟರಲ್ಲಿ ಕಾವು ಉಬ್ಬಿ ಕಬ್ಬಿಣದ ಕಣ್ಣನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಂಡೆಯಡಿ ಜಿನುಗುವ ಊಟೆಯಿಂದ ನೀರು ಹೊರುವವಳು ಹೆಂಗಸು, ಬಾನಿಯ ಒಡತಿಯೂ ಅವಳೇ. ಕೊಡಲಿ ಅಲುಗಾಡಿತೆಂದರೆ ಬೈಗುಳ ಬೀಳುವುದೂ ಅವಳಿಗೇ.

ಆ ಸಂಜೆ ನಾನು ನೆನೆಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಟ್ಟು ಬೀಸಿ ಕೈ ಸೋತಿತ್ತು, ಮಗಳು ಮಿಲ್ಕಾ ಸೆರಗು ಹಿಡಿದು ಅಳುತ್ತಿದ್ದಳು, ಆದರೂ ನೆನೆಹಾಕಿದ್ದೆ. ಕಾವು ಹೊಸದು. ಹಿಂದಿನ ದಿನವಷ್ಟೇ ನನ್ನ ಗಂಡ ಅಹೀರ ಓಕ್ ಮರದ ಕೊಂಬೆ ಕೆತ್ತಿ ಕೂರಿಸಿದ್ದ. ಇನ್ನೂ ಬೆಣ್ಣೆಯ ಹಾಗೆ ಬೆಳ್ಳಗಿತ್ತು.

ಬೆಳಗಿನ ಜಾವ ನೀರು ತೊಟ್ಟಿಕ್ಕುವ ಸದ್ದಿಗೆ ಎಚ್ಚರವಾಯಿತು. ಅರೆಗಣ್ಣು ಬಿಟ್ಟು ನೋಡಿದೆ. ಅಹೀರ ಬಾನಿಯಿಂದ ಕೊಡಲಿ ಎತ್ತಿ ರೊಟ್ಟಿಯ ಒಲೆಯ ಬಾಯಿಗೆ ಅಡ್ಡಲಾಗಿ ಇಟ್ಟ. ಕೆಂಡ ಕೆದಕಿ ಊದಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ರೊಟ್ಟಿ ಮಗುಚಿದ ಹಾಗೆ ಕೊಡಲಿಯನ್ನು ಆಗಾಗ ಮಗುಚುತ್ತಿದ್ದ. ತುಕ್ಕು ಹಿಡಿಯದಿರಲೆಂದು ಒಣಗಿಸುತ್ತಿರಬೇಕು ಅಂದುಕೊಂಡೆ. ಮಕ್ಕಳ ತಾಯಿಗೆ ಆ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ಯೋಚನೆ ಬರುವುದಿಲ್ಲ. ಮಗ್ಗುಲು ಬದಲಿಸಿ ಮಲಗಿದೆ.

ಅವತ್ತು ಅವನು ಕಾಡಿಗೆ ಹೋದದ್ದು ಪಕ್ಕದ ಮನೆಯ ಶಿಲ್ಲೇಮನ ಜೊತೆ. ಇಬ್ಬರೇ.

ಮಧ್ಯಾಹ್ನ ಅಂಗಳದ ಗೋಡೆಯಾಚೆ ಅಹೀರನ ತಲೆ ಕಂಡಿತು. ಒಳಗೆ ಬರಲಿಲ್ಲ. ಏದುಸಿರು ಬಿಡುತ್ತ ಅಲ್ಲಿಂದಲೇ ಕೂಗಿದ. "ಹೊಗ್ಲಾ, ಕೊಡಲಿ ಕಳಚಿ ಹಾರಿಬಿಡ್ತು ಕಣೇ! ಶಿಲ್ಲೇಮನ ಕುತ್ತಿಗೆಗೆ ಬಿತ್ತು. ಸತ್ತುಹೋದ. ನಾನು ಕೆದೆಷಿಗೆ ಓಡ್ತೀನಿ."

"ಅಯ್ಯೋ, ನೀರಾದ್ರೂ ಕುಡೀರಿ..."

ಓಡಿಯೇಬಿಟ್ಟಿದ್ದ. ಕೆದೆಷ್ ಆಶ್ರಯದ ಪಟ್ಟಣ. ಕೈತಪ್ಪಿ ಕೊಂದವನು ಅದರ ಎಲ್ಲೆಕಲ್ಲು ದಾಟಿದರೆ, ಹಿರಿಯರು ವಿಚಾರಣೆ ಮಾಡುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ದಾಟುವುದಕ್ಕೆ ಮೊದಲು ಸಿಕ್ಕಿದರೆ ಸತ್ತವನ ಹತ್ತಿರದ ನೆಂಟ ಕೊಲ್ಲಬಹುದು, ಕೇಳುವವರಿಲ್ಲ. ಶಿಲ್ಲೇಮನಿಗೆ ಒಬ್ಬ ಅಣ್ಣನಿದ್ದ, ಯೇಜೆರ. ನೆತ್ತರಿನ ಹಕ್ಕು ಅವನದು. ಕೂಗು ಕೇಳಿ ಅವನು ಕತ್ತಿ ಹಿಡಿದು ನಮ್ಮ ಅಂಗಳ ಹಾದು ಓಡಿದಾಗ ಒಲೆಯ ಮೇಲಿನ ರೊಟ್ಟಿ ಇನ್ನೂ ಸೀದಿರಲಿಲ್ಲ.

ಯೇಜೆರನಿಗೆ ಅವನು ಸಿಗಲಿಲ್ಲ.

ಹೆಣ ಊರಿಗೆ ಬಂದ ಸಂಜೆ ನಾನು ಆ ಮನೆಗೆ ಹೋದೆ. ಹೋಗದಿದ್ದರೆ ತಪ್ಪು, ಹೋದರೂ ತಪ್ಪು. ಹೆಂಗಸರು ತಲೆಗೆ ಮಣ್ಣು ಸುರಿದುಕೊಂಡು ಕೂತಿದ್ದರು. ಶಿಲ್ಲೇಮನ ತಾಯಿ ಸೆರಹಜ್ಜಿ ನನ್ನನ್ನು ಕಂಡವಳೇ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿದಳು.

"ಬಂದ್ಯಾ ಮಹಾತಾಯಿ? ಒಂದು ಕೊಡ ನೀರಿಗೆ ಜಿಪುಣತನ ಮಾಡಿದ್ಯಲ್ಲೇ. ಕೊಡಲಿ ನೆನೆಹಾಕೋಕೂ ಸೋಮಾರಿತನ ನಿಂಗೆ. ನಿನ್ನ ಸೋಮಾರಿತನ ನನ್ನ ಮಗನ್ನ ತಿಂತು."

"ನೆನೆಹಾಕಿದ್ದೆ ಅಜ್ಜಿ."

"ನೆನೆಹಾಕಿದ ಕೊಡಲಿಗೆ ರೆಕ್ಕೆ ಬಂತಾ?" ಅಂದಳು ಯೇಜೆರನ ಹೆಂಡತಿ. ಯಾರೋ ಮೂಲೆಯಲ್ಲಿ ನಕ್ಕರು. ಸಾವಿನ ಮನೆಯಲ್ಲೂ ನಗುವವರು ಇರುತ್ತಾರೆ.

ನನಗೆ ಮೈ ಉರಿಯಿತು. ಮೂರು ಕೊಡ ನೀರಿಗೆ ಅರ್ಧ ದಿನ ಊಟೆಯ ಹತ್ತಿರ ಕಾಯುವವಳು ನಾನು. ಅವತ್ತು ಬೆಳಿಗ್ಗೆ ಆ ನೀರಿಗೆ ಏನಾಯಿತೆಂದು ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ. ಕೈಯೆತ್ತಿ ಹೇಳಿಬಿಟ್ಟೆ: "ಯೆಹೋವನ ಜೀವದಾಣೆ, ನೆನೆಹಾಕಿದ್ದೆ. ಸುಳ್ಳಾದ್ರೆ ನನ್ನ ಮಡಿಲು ಪೂರಾ ಬರಿದಾಗಲಿ."

ನನ್ನ ಮಡಿಲಲ್ಲಿ ಉಳಿದಿರುವುದು ಮಿಲ್ಕಾ ಒಬ್ಬಳೇ ಎಂದು ಅವರಿಗೆಲ್ಲ ಗೊತ್ತಿತ್ತು.

ಅವಳಿಗಿಂತ ಮೊದಲು ಯೋತಾಮ ಹುಟ್ಟಿದ್ದ. ಏಳು ವರ್ಷದವನಾಗಿದ್ದಾಗ, ಶಿಲ್ಲೇಮ ತೋಡಿದ್ದ ನೀರಿನ ಗುಂಡಿಗೆ ಬಿದ್ದು ಹೋದ. ಗುಂಡಿಯ ಬಾಯಿ ತೆರೆದಿತ್ತು. "ನಾನು ಕಲ್ಲು ಮುಚ್ಚಿದ್ದೆ, ಯಾರೋ ಸರಿಸಿದ್ದಾರೆ" ಅಂದ ಶಿಲ್ಲೇಮ. ನೋಡಿದವರಿಲ್ಲ. ಮುಚ್ಚದೆ ಬಿಟ್ಟ ಗುಂಡಿಗೆ ಎತ್ತು ಬಿದ್ದರೆ ಎತ್ತಿನ ಬೆಲೆ ಕೊಡಬೇಕೆಂದು ಕಟ್ಟಳೆಯಿದೆ. ಮಗ ಬಿದ್ದರೆ ಏನೆಂದು ನಮ್ಮೂರಿನ ಹಿರಿಯರಿಗೆ ತಿಳಿಯಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ರೊಟ್ಟಿ, ಉಪ್ಪು ಹಂಚಿಸಿ ರಾಜಿ ಮಾಡಿ ಮುಗಿಸಿದರು. ಶಿಲ್ಲೇಮ ಅತ್ತ. ಅಹೀರ ಅಳಲಿಲ್ಲ. ರೊಟ್ಟಿ ಅಗಿದ, ನುಂಗಿದ, ಎದ್ದು ಬಂದ. ಆಮೇಲಿನ ಎರಡು ವರ್ಷ ಅವರಿಬ್ಬರೂ ಕೂಡಿಯೇ ಉತ್ತರು, ಕೂಡಿಯೇ ಕಟ್ಟಿಗೆ ಕಡಿದರು. ನೋಡಿದವರು ಮೆಚ್ಚಿಕೊಂಡರು.

ಏಳು ದಿನದ ಸೂತಕ ಮುಗಿದ ಮೇಲೆ ಯೇಜೆರ ನಮ್ಮ ಬಾಗಿಲಿಗೆ ಬಂದ. ಬಟ್ಟೆಯಲ್ಲಿ ಸುತ್ತಿದ ಕೊಡಲಿ ಬೆನ್ನಿಗಿತ್ತು, ಕಬ್ಬಿಣ ಬೇರೆ, ಕಾವು ಬೇರೆ.

"ಕೆದೆಷಿನ ಹಿರಿಯ ಕರೆದಿದ್ದಾನೆ. ನೀನೂ ಬರಬೇಕಂತೆ. ನಡಿ."

ಎರಡು ದಿನದ ದಾರಿ. ನನ್ನ ಗಂಡನ ಜೀವ ಕೇಳಲು ಹೊರಟವನ ಹಿಂದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಡೆದೆ. ಅವನು ಕೆಟ್ಟ ಮಾತೊಂದನ್ನೂ ಆಡಲಿಲ್ಲ. ಏರು ಬಂದಾಗ ನಿಂತು ಕಾಯುತ್ತಿದ್ದ. ಒಮ್ಮೆ ಮಿಲ್ಕಾಳ ಮುಂದೆ ಮಂಡಿಯೂರಿ, ಒಣ ಅಂಜೂರ ಹಿಡಿದು ಕೇಳಿದ:

"ಪುಟ್ಟೀ, ನಿಮ್ಮಪ್ಪನ್ನ ಕೊಲ್ಲೋಕೆ ಹೋಗ್ತಿದೀನಿ. ಅಂಜೂರ ಬೇಕಾ?"

ಅವಳು ತಗೊಂಡಳು. "ಇನ್ನೊಂದು" ಅಂದಳು. ಯೇಜೆರ ನಕ್ಕು ಇನ್ನೊಂದು ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ತಂಗೀ, ನೀನು ನಮ್ಮನೇಲಿ ಆಣೆ ಇಟ್ಟು ಹೇಳಿದ್ದು ಬಹಳ ಒಳ್ಳೇದಾಯ್ತು."

"ಯಾಕೆ?"

"ನೆನೆದ ಕೊಡಲಿ ಹಾರಲ್ಲ. ಹಾರಲ್ಲ ಅಂದ್ರೆ ಅವನು ಹೊಡೆದಿದ್ದಾನೆ. ಹೊಡೆದು, ಆಮೇಲೆ ಕಬ್ಬಿಣ ಕಳಚಿ ಎಸೆದಿದ್ದಾನೆ. ನನ್ನ ಹತ್ರ ಸಾಕ್ಷಿ ಇರಲಿಲ್ಲ. ನೀನೇ ಕೊಟ್ಟೆ."

ಬಾನಿಯ ನೀರು ತೊಟ್ಟಿಕ್ಕಿದ್ದು, ಕೆಂಡ ಊದಿದ್ದು, ಕೊಡಲಿಯನ್ನು ಮಗುಚಿ ಮಗುಚಿ ಕಾಯಿಸಿದ್ದು, ಎಲ್ಲ ಒಮ್ಮೆಲೇ ಕಣ್ಣೆದುರು ಬಂತು. ನೆನೆದು ಉಬ್ಬಿದ ಮರ ಬೆಂಕಿಗೆ ಒಣಗಿದರೆ ಮೊದಲಿಗಿಂತ ಸಣ್ಣಗಾಗುತ್ತದೆ. ಇದು ಸೌಟು ಹಿಡಿದ ಯಾವ ಹೆಂಗಸಿಗೂ ಗೊತ್ತು. ಯೇಜೆರ ಅಂದುಕೊಂಡಂತೆ ಅಲ್ಲ. ಕೊಡಲಿ ಹಾರಿದ್ದು ನಿಜ. ಹಾರಲೆಂದೇ ಯಾರೋ ಬೆಳಗಿನ ಜಾವ ಎದ್ದು ಕೂತಿದ್ದರು.

ನೆನೆಹಾಕಿದ್ದೆ ಅಂದರೆ ಗಂಡ ಸಾಯುತ್ತಾನೆ. ಒಲೆಯ ಮೇಲೆ ಇಟ್ಟಿದ್ದನ್ನು ಹೇಳಿದರೂ ಸಾಯುತ್ತಾನೆ. ನೆನೆಹಾಕಲಿಲ್ಲ ಅಂದರೆ ಅವನು ಉಳಿದಾನು, ಆದರೆ ಯೆಹೋವನ ಹೆಸರೆತ್ತಿ ಮಡಿಲ ಮೇಲೆ ಇಟ್ಟ ಆಣೆಯನ್ನು ಹಿರಿಯರ ಮುಂದೆ ಕಾಲಲ್ಲಿ ತುಳಿದಂತೆ. ಆ ಮಡಿಲಿನ ಕೂಸು ಅಂಜೂರ ಚೀಪುತ್ತ ನನ್ನ ಹೆಗಲಿಗೆ ಜೊಲ್ಲು ಸುರಿಸುತ್ತಿತ್ತು.

ಕೆದೆಷಿನ ಊರಬಾಗಿಲಲ್ಲಿ ಹಿರಿಯ ಪೆದಹೇಲ ಕಲ್ಲಿನ ಜಗಲಿಯ ಮೇಲೆ ಕೂತು ನೊಗ ಕೆತ್ತುತ್ತಿದ್ದ. ಹರೆಯದಲ್ಲಿ ನೇಗಿಲು ಮಾಡುತ್ತಿದ್ದವನಂತೆ. ತೀರ್ಪು ಹೇಳುವಾಗಲೂ ಕೈ ಸುಮ್ಮನಿರುತ್ತಿರಲಿಲ್ಲ. ಗಡ್ಡದ ತುಂಬ ಮರದ ಹೊಟ್ಟು. ಸುತ್ತ ಊರಿನ ಗಂಡಸರು ನೆರೆದಿದ್ದರು. ಅಹೀರನನ್ನು ಕರೆತಂದು ನಿಲ್ಲಿಸಿದರು. ಒಂಬತ್ತು ದಿನದಲ್ಲಿ ಇಳಿದುಹೋಗಿದ್ದ. ಮಗಳನ್ನು ನೋಡಿ ನಗಲು ಹೋಗಿ, ನಗಲಾರದೆ ತಲೆ ತಗ್ಗಿಸಿದ.

"ಹೇಳಪ್ಪ" ಅಂದ ಪೆದಹೇಲ ಯೇಜೆರನಿಗೆ. "ನಿನ್ನ ತಮ್ಮನ ಮೇಲೆ ಇವನಿಗೆ ಮೊದಲಿಂದ ಹಗೆ ಇತ್ತಾ?"

"ಇತ್ತು ಅಜ್ಜಾ. ಇವನ ಮಗ ನನ್ನ ತಮ್ಮನ ಗುಂಡೀಲಿ ಬಿದ್ದು ಸತ್ತ."

"ಆಮೇಲೆ?"

"ರೊಟ್ಟಿ ಉಪ್ಪು ತಿಂದ್ರು."

"ತಿಂದ ಮೇಲೂ ಹಗೆ ಇತ್ತು ಅಂತ ನೋಡಿದವರು ಯಾರು?"

"ಹಗೇನ ನೋಡೋಕಾಗುತ್ತಾ ಅಜ್ಜಾ? ಅದೇನು ಮೇಕೆಯಾ?"

ಜನ ನಕ್ಕರು. ಪೆದಹೇಲನೂ ನಕ್ಕ. "ಮೇಕೆ ಆಗಿದ್ರೆ ಇಷ್ಟು ಹೊತ್ತಿಗೆ ಕೂಗ್ತಿತ್ತು. ಒಬ್ಬನ ಜೀವ ತೆಗೀಬೇಕು ಅಂದ್ರೆ ಸಾಕ್ಷಿ ಹೇಳೋ ಎರಡು ಬಾಯಿ ಬೇಕು ಕಣಪ್ಪಾ. ನಿನ್ನ ಹತ್ರ ಒಂದೂ ಇಲ್ಲ."

"ಇದೆ." ಯೇಜೆರ ನನ್ನ ಕಡೆ ಕೈ ತೋರಿಸಿದ. "ಇವಳು ನಮ್ಮನೇಲಿ ಯೆಹೋವನ ಆಣೆ ಇಟ್ಟಳು, ಕೊಡಲಿ ನೆನೆಹಾಕಿದ್ದೆ ಅಂತ. ನನ್ನ ತಾಯಿ ಕೇಳಿದ್ದಾಳೆ, ನನ್ನ ಹೆಂಡತಿ ಕೇಳಿದ್ದಾಳೆ."

"ಬಂದಿದ್ದಾರಾ?"

"ಇಲ್ಲ."

"ಬಾರದ ಬಾಯಿ ಬಾಯಲ್ಲ. ಇವಳನ್ನೇ ಕೇಳೋಣ."

"ಗಂಡನ ವಿಷಯಕ್ಕೆ ಹೆಂಡ್ತೀನ ಕೇಳ್ತೀರಾ?" ಅಂದ ಹಿಂದಿನಿಂದ ಒಬ್ಬ.

"ಗಂಡನ ವಿಷಯ ಕೇಳ್ತಿಲ್ಲ, ನೀರಿನ ವಿಷಯ ಕೇಳ್ತಿದೀನಿ. ಬಾನಿ ತುಂಬ್ಸೋಳನ್ನ ಬಿಟ್ಟು ನಿನ್ನ ಗಡ್ಡಾನ ಕೇಳ್ಲಾ?"

ಅವನು ನೊಗವನ್ನು ಪಕ್ಕಕ್ಕಿಟ್ಟು ಬಟ್ಟೆಯ ಗಂಟು ಬಿಚ್ಚಿದ. ಕಬ್ಬಿಣವನ್ನು ಬೆರಳಿನಿಂದ ಸವರಿ ಕೆಳಗಿಟ್ಟ. ಕಾವನ್ನು ಎತ್ತಿಕೊಂಡು ಅದರ ತುದಿಯನ್ನು ಬಹಳ ಹೊತ್ತು ನೋಡಿದ. ಉಗುರಿನಿಂದ ಕೆರೆದ. ನಾಲಿಗೆಗೂ ತಾಗಿಸಿದ. ಆಗ ನನ್ನ ಕಣ್ಣಿಗೂ ಬಿತ್ತು: ಬೆಳ್ಳನೆಯ ಹೊಸ ಕಾವಿನ ತುದಿಗೆ, ಕಬ್ಬಿಣ ಕೂತಿದ್ದ ಕಡೆ, ಮಸಿ ಬಳಿದ ಹಾಗೆ ಒಂದು ಕಪ್ಪು ಉಂಗುರ. ಓಕ್ ಮರಕ್ಕೆ ಕಬ್ಬಿಣ, ನೀರು ಎರಡೂ ಕೂಡಿದರೆ ಮಾತ್ರ ಕೂರುವ ಕಪ್ಪು ಅದು. ಹಳೆಯ ಕಾವಾಗಿದ್ದರೆ ಹತ್ತು ಉಂಗುರ ಇರುತ್ತಿದ್ದವು, ಯಾವುದು ಯಾವಾಗಿನದೆಂದು ಹೇಳಲಾಗುತ್ತಿರಲಿಲ್ಲ. ಇದು ಒಂದೇ ಸಲ ನೀರು ಕಂಡ ಕಾವು.

ಪೆದಹೇಲ ಕಾವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ತಲೆಯೆತ್ತಿದ.

"ಹೇಳು ತಾಯೀ. ಹಿಂದಿನ ಸಂಜೆ ಇದನ್ನ ನೆನೆಹಾಕಿದ್ಯಾ?"

ನಾನು ಅಹೀರನನ್ನು ನೋಡಲಿಲ್ಲ. ನೋಡಿದ್ದರೆ ನಾಲಿಗೆ ಏಳುತ್ತಿರಲಿಲ್ಲ. ಮಿಲ್ಕಾ ನನ್ನ ಕಿವಿಯ ಓಲೆ ಹಿಡಿದು ಎಳೆಯುತ್ತಿದ್ದಳು. ಯೋತಾಮನನ್ನು ಗುಂಡಿಯಿಂದ ಮೇಲೆತ್ತಿದಾಗ ಅವನ ಮುಷ್ಟಿಯೊಳಗೆ ಹಸಿಮಣ್ಣಿತ್ತು. ಬಿಡಿಸಲು ಆಗಿರಲಿಲ್ಲ, ಹಾಗೇ ಹೂತಿದ್ದೆವು. ಶಿಲ್ಲೇಮ ಸತ್ತ ಸುದ್ದಿ ಕೇಳಿದ ಗಳಿಗೆಯಲ್ಲಿ ನನಗೆ ಮೊದಲು ಬಂದದ್ದು ಅಳುವಲ್ಲ. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

"ಇಲ್ಲ ಅಜ್ಜಾ" ಅಂದೆ. "ನೆನೆಹಾಕಲಿಲ್ಲ."

"ಆಣೆ?" ಯೇಜೆರ ಕಿರುಚಿದ. "ಆಣೆ ಇಟ್ಯಲ್ಲೇ!"

"ಇಟ್ಟೆ. ಸುಳ್ಳು ಆಣೆ. ಊಟೇಲಿ ನೀರು ಸೊರಗಿತ್ತು, ಇದ್ದ ನೀರಲ್ಲಿ ಹಿಟ್ಟು ಕಲಸಿದೆ, ಮಗೂನ ತೊಳೆದೆ. ನಿಮ್ಮನೇಲಿ ಅಷ್ಟು ಜನ ಸೋಮಾರಿ ಅಂತ ನಕ್ರು. ಮಾನಕ್ಕೆ ಅಂಜಿ ಆಣೆ ಇಟ್ಟೆ."

"ಈಗ ಹೇಳ್ತಿರೋದು ಸುಳ್ಳು! ಅಜ್ಜಾ, ಆಣೆ ಇಡ್ಸಿ. ಈ ಮಗೂನ ತಲೆ ಮುಟ್ಟಿ ಆಣೆ ಇಡ್ಲಿ ನೋಡೋಣ!"

ನನ್ನ ಬಲಗೈ ತಾನಾಗಿಯೇ ಎದ್ದಿತು. ಮಿಲ್ಕಾಳ ನೆತ್ತಿಯ ಮೇಲೆ ಬರಬೇಕು, ಅಷ್ಟರಲ್ಲಿ ಪೆದಹೇಲ ಕಾವಿನಿಂದ ಜಗಲಿಗೆ ಒಂದು ಬಡಿದ.

"ಆಣೆ ಬೇಡ. ಈಗಾಗ್ಲೇ ಒಂದು ಜಾಸ್ತಿಯಾಗಿದೆ. ಕೈ ಇಳಿಸು ತಾಯೀ."

ಕೈ ಇಳಿಸಿದೆ. ಆಗ ಅಹೀರನ ಕಡೆ ನೋಡಿದೆ. ಅವನ ಮುಖದಲ್ಲಿ ಉಳಿದೆನೆಂಬ ನೆಮ್ಮದಿ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಮರ ಕಡಿಯುವ ಮೊದಲು ಯಾವ ಕಡೆಗೆ ಬೀಳುತ್ತದೆಂದು ಬುಡದಿಂದ ತುದಿಯವರೆಗೆ ನೋಡುತ್ತಾನಲ್ಲ, ಹಾಗೆ ನನ್ನನ್ನು ನೋಡುತ್ತಿದ್ದ.

ಪೆದಹೇಲ ತೀರ್ಪು ಹೇಳಿದ. ಹಗೆಗೆ ಸಾಕ್ಷಿಯಿಲ್ಲ, ಹೊಡೆದದ್ದಕ್ಕೆ ಸಾಕ್ಷಿಯಿಲ್ಲ. ಹೆಂಗಸಿನ ಅಜಾಗ್ರತೆಗೆ ಸಾವಿನ ಶಿಕ್ಷೆ ಕಟ್ಟಳೆಯಲ್ಲಿಲ್ಲ. ಈಗಿನ ಮಹಾಯಾಜಕ ಸಾಯುವವರೆಗೆ ಅಹೀರ ಕೆದೆಷಿನೊಳಗೇ ಇರತಕ್ಕದ್ದು. ಎಲ್ಲೆಕಲ್ಲಿನ ಆಚೆ ಕಾಲಿಟ್ಟರೆ ಅವನ ನೆತ್ತರು ಯೇಜೆರನದು. ಯೇಜೆರ ಕೆಳಗೆ ಉಗುಳಿ ಹೊರಟುಹೋದ. ಹೋಗುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಅಂದ: "ನಾನು ದೂರ ಹೋಗಲ್ಲ ತಂಗೀ. ಕಲ್ಲಿನ ಆಚೆ ಒಂದು ಮರ ಇದೆ, ನೆರಳು ಚೆನ್ನಾಗಿದೆ."

ಜನ ಕರಗಿದ ಮೇಲೆ ಪೆದಹೇಲ ನನ್ನನ್ನು ಕರೆದ. ಮತ್ತೆ ನೊಗ ಕೆತ್ತತೊಡಗಿದ್ದ, ತಲೆಯೆತ್ತಲಿಲ್ಲ.

"ನಲವತ್ತು ವರ್ಷ ಮರ ಕೆತ್ತಿದೀನಿ ತಾಯೀ. ಈ ಕಾವು ಒಂದು ರಾತ್ರಿ ನೀರಲ್ಲಿತ್ತು. ಆಮೇಲೆ ಬೆಂಕಿ ಹತ್ರ ಒಣಗಿದೆ. ಕಾಡಲ್ಲಿ ಒಲೆ ಇರಲ್ಲ."

ನಾನು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದೆ.

"ಮರ ಒಂದು ಬಾಯಿ. ಆದ್ರೆ ಅದರ ಭಾಷೆ ನನಗೊಬ್ಬನಿಗೇ ಬರೋದು. ತೀರ್ಪು ಹೇಳೋನೇ ಸಾಕ್ಷಿ ಹೇಳೋಕಾಗಲ್ಲ. ಎರಡು ಬಾಯಿ ಬೇಕಿತ್ತು. ಇನ್ನೊಂದನ್ನ ನೀನು ಮುಚ್ಚಿದೆ." ಒಂದು ಚಕ್ಕೆ ಹಾರಿ ನನ್ನ ಕಾಲಿನ ಹತ್ತಿರ ಬಿತ್ತು. "ಆಣೆ ಇಡಿಸಿದ್ರೆ ಇಟ್ಟುಬಿಡ್ತಿದ್ದೆ ನೀನು. ಮಗೂಗೋಸ್ಕರ ತಡೆದೆ, ನಿಂಗೋಸ್ಕರ ಅಲ್ಲ."

"ಅಜ್ಜಾ..."

"ಒಲೆ ಹತ್ರ ನೀನು ನೋಡಿದ್ದು ಅವನಿಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದು ಬೇಡ, ನೋಡಿದ ಕಣ್ಣು ನಿಂದೊಂದೇ" ಅಂದ. "ನಿನ್ನ ಊರಿಗೆ ಹೋಗಿಬಿಡು ಅಂತ ಹೇಳಬಹುದಿತ್ತು. ಅಲ್ಲಿ ನಿನಗೆ ಯಾರು ಒಂದು ಕೊಡ ನೀರು ಬಿಡ್ತಾರೆ?"

ಯಾರೂ ಬಿಡುವುದಿಲ್ಲ. ಸುಳ್ಳು ಆಣೆ ಇಟ್ಟವಳು, ಸೋಮಾರಿ, ಗಂಡಸಿನ ಸಾವಿಗೆ ಕಾರಣಳಾದವಳು. ಅಷ್ಟು ಹೆಸರನ್ನೂ ನಾನೇ ಊರಬಾಗಿಲಲ್ಲಿ ನಿಂತು ಹಾಕಿಸಿಕೊಂಡಿದ್ದೆ.

ಕೋಟೆಗೋಡೆಗೆ ಅಂಟಿದ ಒಂದು ಕೋಣೆ ಕೊಟ್ಟರು. ದೇವಸೇವೆಯ ಕುಲದವರಾದ ಲೇವಿಯರ ಮನೆಗಳಿಗೆ ಸೌದೆ ಸೀಳುವ ಕೆಲಸ ಅಹೀರನಿಗೆ ಸಿಕ್ಕಿತು, ಅದಕ್ಕೊಂದು ಹೊಸ ಕೊಡಲಿಯೂ ಸಿಕ್ಕಿತು. ಮೊದಲ ಸಂಜೆ ಅವನು ಮಿಲ್ಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇಳೆಯ ಗಂಜಿ ಊದಿ ಊದಿ ತಿನ್ನಿಸುತ್ತಿದ್ದ. ಒಳ್ಳೆಯ ತಂದೆ ಅವನು. ಯಾವಾಗಲೂ ಹಾಗೆಯೇ ಇದ್ದ.

"ಹೊಗ್ಲಾ."

"ಹ್ಞೂಂ?"

"ನೀನು ನೆನೆಹಾಕಿದ್ದೆ."

ನಾನು ಬಟ್ಟಲು ತೊಳೆಯುತ್ತಿದ್ದೆ. "ನೀವು ಉಳೀಬೇಕಿತ್ತು. ಅದಕ್ಕೆ ಹಂಗಂದೆ."

"ಅದು ಸರಿ." ಮಗುವಿನ ಬಾಯಿ ಒರೆಸಿದ. "ಅವತ್ತು ಬೆಳಿಗ್ಗೆ ನೀನು ಯಾವಾಗ ಎದ್ದೆ?"

"ನೀವು ಹೋದ್ಮೇಲೆ."

"ನಾನು ಹೋದ್ಮೇಲೆ."

"ಹ್ಞೂಂ. ಸುಸ್ತಾಗಿತ್ತು. ಸತ್ತ ಹೆಣದ ಹಾಗೆ ಬಿದ್ದಿದ್ದೆ."

ಅವನು ತಲೆಯಾಡಿಸಿದ. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ. ಆಮೇಲೆ ಎದ್ದು, ಕೊಡಲಿ ತೆಗೆದುಕೊಂಡು ತಾನೇ ಬಾನಿಯಲ್ಲಿ ಇಳಿಬಿಟ್ಟ. "ಇನ್ಮೇಲೆ ಇದು ನನ್ನ ಕೆಲಸ. ನೀನು ಮರೀತೀಯಲ್ಲ, ಊರೆಲ್ಲ ಕೇಳಿದೆ" ಅಂದು ನಕ್ಕ.

ಮಹಾಯಾಜಕನಿಗೆ ಇನ್ನೂ ನಲವತ್ತು ತುಂಬಿಲ್ಲವಂತೆ, ಗಟ್ಟಿಮುಟ್ಟಾಗಿದ್ದಾನಂತೆ. ಯೇಜೆರ ಈಗಲೂ ಕೊಯ್ಲು ಮುಗಿದ ಮೇಲೆ ಬಂದು ಎಲ್ಲೆಕಲ್ಲಿನ ಆಚೆ ಆ ಮರದಡಿ ಕೂರುತ್ತಾನೆ. ಮಿಲ್ಕಾ ಓಡಿಹೋಗಿ ಅಂಜೂರ ಇಸಿದುಕೊಂಡು ಬರುತ್ತಾಳೆ. ಅವಳು ಕೆಮ್ಮಿದರೆ, ಹಣೆ ಒಂದಿಷ್ಟು ಬಿಸಿಯಾದರೆ, ನಾನು ಎರಡು ಆಣೆಗಳಲ್ಲಿ ಇಟ್ಟದ್ದು ಯಾವುದು, ಇಡದೆ ಉಳಿದದ್ದು ಯಾವುದು ಎಂದು ಲೆಕ್ಕ ಹಾಕುತ್ತ ಕೂರುತ್ತೇನೆ. ಮೊದಲು ಇಟ್ಟದ್ದು ನಿಜದ ಆಣೆಯೇ ಅಲ್ಲವೇ ಎಂದು ಯೆಹೋವನಿಗೆ ಪದೇ ಪದೇ ನೆನಪಿಸುತ್ತೇನೆ.

ಬೆಳಗಿನ ಜಾವ ದಿನವೂ ಎಚ್ಚರವಾಗುತ್ತದೆ. ಬಾನಿಯಿಂದ ಕೊಡಲಿ ಮೇಲೆದ್ದ ಸದ್ದು, ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಅವನು ಸ್ವಲ್ಪ ಹೊತ್ತು ನಿಲ್ಲುತ್ತಾನೆ, ನನ್ನ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆಂದು ಉಸಿರಿನಿಂದ ತಿಳಿಯುತ್ತದೆ. ಹೆಜ್ಜೆ ಬಾಗಿಲ ಕಡೆ ಹೋಗುತ್ತದೋ ಒಲೆಯ ಕಡೆ ಹೋಗುತ್ತದೋ ಎಂದು ಕಿವಿಗೊಟ್ಟು, ಮಗಳನ್ನು ಎದೆಗವಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ನಿದ್ದೆ ಬಂದವಳ ಹಾಗೆ ಉಸಿರಾಡುತ್ತ ಮಲಗಿರುತ್ತೇನೆ.